ಅಂಬಾಸಿಡರ್ ಯಾಕೆ ಎಣ್ಣೆ ಸೋರುತ್ತಿತ್ತು?

ಅಂಬಾಸಿಡರ್ ಕಾರು ನಿಲ್ಲುತ್ತಿದ್ದ ಜಾಗವನ್ನು ಅದು ಹೋದಮೇಲೂ ಗುರುತಿಸಬಹುದಿತ್ತು. ಸರ್ಕಾರಿ ಕಚೇರಿಯ ಪೋರ್ಟಿಕೋ ಇರಲಿ, ಟ್ಯಾಕ್ಸಿ ಸ್ಟ್ಯಾಂಡ್ ಇರಲಿ, ನೆಲದ ಮೇಲೆ ಎಣ್ಣೆಯ ಕಪ್ಪು ಮಚ್ಚೆ ಇದ್ದೇ ಇರುತ್ತಿತ್ತು. ಗಾಡಿ ಹಳೆಯದಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಆದರೆ ಆ ಮಚ್ಚೆಯಲ್ಲಿ ಒಂದು ಪಾಲು ವಯಸ್ಸಿನದಲ್ಲ, ವಿನ್ಯಾಸದ್ದು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಹಿಂದುಸ್ತಾನ್ ಮೋಟಾರ್ಸ್ 1958ರಿಂದ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಲ್ಲಿ ತಯಾರಿಸಿತು. ಅದಕ್ಕೆ ಸ್ವಲ್ಪದರಲ್ಲೇ ಬಂದ 1489 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಕುಟುಂಬದ್ದು. ಇದರ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಬದಲಿಗೆ ಶಾಫ್ಟಿನ ಮೈಮೇಲೆ ಸ್ಕ್ರೂ ಥ್ರೆಡ್ಡಿನಂಥ ಸುರುಳಿ ಇದೆ. ಶಾಫ್ಟ್ ತಿರುಗುವಾಗ ಹೊರಬರಲು ಹೊರಟ ಎಣ್ಣೆಯನ್ನು ಅದು ಒಳಕ್ಕೆ ತಳ್ಳುತ್ತದೆ. ಉಜ್ಜಾಟವಿಲ್ಲ, ಸವೆಯುವ ರಬ್ಬರಿಲ್ಲ, ಜಾಣ ಉಪಾಯವೇ. ಆದರೆ ಎಂಜಿನ್ ನಿಂತರೆ ಕಾವಲೂ ನಿಂತಂತೆ. ಹನಿ ಬೀಳುವುದು ಆಗ.

ಇದೇ ಕುಟುಂಬದ ಎಂಜಿನ್ ಬ್ರಿಟನ್ನಿನ ಎಂಜಿಬಿ ಕಾರಿನಲ್ಲೂ ಇತ್ತು. 1964ರಲ್ಲಿ ಅದಕ್ಕೆ ಐದು ಬೇರಿಂಗಿನ ಕ್ರ್ಯಾಂಕ್‌ಶಾಫ್ಟ್ ಬಂತು, ಜೊತೆಗೆ ಹಿಂದುಗಡೆ ರಬ್ಬರ್ ಸೀಲೂ ಬಂತು. ನಮ್ಮಲ್ಲಿ ಮೂರು ಬೇರಿಂಗಿನ ಹಳೆಯ ವಿನ್ಯಾಸವೇ ಮುಂದುವರಿಯಿತು. ಲೈಸೆನ್ಸ್ ರಾಜ್ ಕಾಲ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಒಂದೆರಡು ಹನಿ ಎಣ್ಣೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಮ್ಮ ಐಟಿಯವರ ಭಾಷೆಯಲ್ಲಿ ‘ನೋನ್ ಇಶ್ಯೂ’ ಎಂದು ಬರೆದು ಟಿಕೆಟ್ ಮುಚ್ಚಿದ ಹಾಗೆ.

ಹಾಗೆಂದು ಎಲ್ಲ ಸೋರಿಕೆಯನ್ನೂ ವಿನ್ಯಾಸದ ತಲೆಗೆ ಕಟ್ಟುವಂತಿಲ್ಲ. ಪುಣೆಯಲ್ಲಿ ನನ್ನ ಬಳಿ 1972ರ ಅಂಬಾಸಿಡರ್ ಇದೆ. ಅದರ ಎಂಜಿನ್ನನ್ನು ಮೊದಲು ಚೆನ್ನಾಗಿ ತೊಳೆಸಿ, ಒಣಗಿದ ಮೇಲೆ ಪೌಡರ್ ಉದುರಿಸಿ ಓಡಿಸಿ ನೋಡಿದೆವು. ಎಣ್ಣೆಯ ದಾರಿ ಆಗ ಸ್ಪಷ್ಟವಾಗಿ ಕಾಣುತ್ತದೆ. ಮೇಲಿನ ಟ್ಯಾಪೆಟ್ ಕವರಿಗೂ ಎಂಜಿನ್ನಿನ ಪಕ್ಕದ ಎರಡು ಸೈಡ್ ಕವರುಗಳಿಗೂ ಇರುವುದು ಕಾರ್ಕಿನ ಪ್ಯಾಕಿಂಗ್ (ಗ್ಯಾಸ್ಕೆಟ್ ಅಂದರೆ ನಮ್ಮ ಕಡೆಯ ಗ್ಯಾರೇಜಿನಲ್ಲಿ ಪ್ಯಾಕಿಂಗೇ). ಕಾರ್ಕ್ ಕಾಲಕ್ರಮೇಣ ಒಣಗಿ ಕುಗ್ಗುತ್ತದೆ. ಸೋರಿತೆಂದು ಬೋಲ್ಟನ್ನು ಇನ್ನಷ್ಟು ಬಿಗಿದರೆ ತೆಳು ತಗಡಿನ ಕವರ್ ಡೊಂಕಾಗಿ ಹೆಚ್ಚು ಸೋರುತ್ತದೆ. ಕವರನ್ನು ಸಮತಟ್ಟು ಮಾಡಿ, ಹೊಸ ಕಾರ್ಕ್ ಕೂರಿಸಿ, ಮೆತ್ತಗೆ ಬಿಗಿಯಬೇಕು.

ಇದಕ್ಕಿಂತ ಮುಖ್ಯವಾದದ್ದು ಬ್ರೀದರ್. ಪಿಸ್ಟನ್ ರಿಂಗ್ ಸವೆದಾಗ ಉರಿದ ಗ್ಯಾಸ್ ಚೇಂಬರಿಗೆ ಇಳಿಯುತ್ತದೆ. ಮೆಕ್ಯಾನಿಕ್ಕರು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಬ್ರೀದರ್ ಕಟ್ಟಿಕೊಂಡಿದ್ದರೆ ಆ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿಯಿಂದೆಲ್ಲ ಹೊರಗೆ ದೂಡುತ್ತದೆ. ಪಾಪದ ಸುರುಳಿ ಏನು ಮಾಡೀತು? ಎಂಜಿನ್ ಇಳಿಸಿ ಸಾವಿರಾರು ರೂಪಾಯಿ ಸುರಿಯುವ ಮುನ್ನ ಒಂದು ಪೈಪು ತೊಳೆದು ನೋಡುವುದು ಲೇಸು. ಇನ್ನೊಂದು ಮಾತು: ಹಳೆಯ ಹೆಡ್ ಪ್ಯಾಕಿಂಗಿನಲ್ಲಿ ತಾಮ್ರದ ನಡುವೆ ಆಸ್ಬೆಸ್ಟಾಸ್ ಇರಬಹುದು. ಅದನ್ನು ಒಣಗಿದ್ದಾಗ ಕೆರೆಯಬೇಡಿ.

ಈಗಿನ ತಕರಾರು ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪ್ಯಾಕಿಂಗ್ ಬದಲಿಸುವುದು ರಿಪೇರಿ, ಅದರಲ್ಲಿ ಅನುಮಾನವಿಲ್ಲ. ಹಿಂತುದಿಯನ್ನು ಲೇತಿನಲ್ಲಿ ಕಡೆಸಿ ರಬ್ಬರ್ ಸೀಲ್ ಕೂರಿಸಿದರೆ? ನನ್ನ ಮಟ್ಟಿಗೆ ಅದು ಮಾರ್ಪಾಡು. ಹಾಗಾಗಿ ಕಾರ್ಕೆಲ್ಲ ಹೊಸದಾಗಿದೆ, ಬ್ರೀದರ್ ತೊಳೆದಾಗಿದೆ, ಸುರುಳಿಯನ್ನು ಮಾತ್ರ ಮುಟ್ಟಿಲ್ಲ. ಗಾಡಿಯ ಕೆಳಗೊಂದು ತಗಡಿನ ಟ್ರೇ ಇಟ್ಟಿದ್ದೇನೆ.