ಬಿದಿರು ಮೆಳೆಯ ಮುಳ್ಳು

ಅಂಕೋಲೆ ತಾಲೂಕಿನಲ್ಲಿ ಕಡಲು ಸೇರುವ ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿ ಎಂದು ಹೆಸರು. ಅದಕ್ಕೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆ ಬಂದಾಗ ತೋಟಗಾರರು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಲಾಭನಷ್ಟ ಚರ್ಚಿಸಿದರು. ಯೋಜನೆ ಆಗ ನಿಂತಿತು. ಪಾಂಡಿತ್ಯ ಹಳ್ಳಿಯ ಕೆಲಸಕ್ಕೆ ಬಂದ ಪ್ರಸಂಗವೆಂದು ನಾವು ಇದನ್ನು ನೆನೆಯುತ್ತೇವೆ.

ಅದಕ್ಕೂ ಮೊದಲು ಹಳ್ಳಿಯೇ ಪಂಡಿತರಿಗೆ ಪಾಠ ಹೇಳಿತ್ತು. ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಿಂದ ಇದೇ ಜಿಲ್ಲೆಯ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು. ಬಿದಿರು ಕ್ಷೀಣಿಸಿದಾಗ ದೂರು ಬಿದ್ದದ್ದು ಹಳ್ಳಿಗರ ದನಗಳ ಮೇಲೆ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡು ಸುತ್ತಿದರು, ಹಳ್ಳಿಗರನ್ನು ಕೇಳಿದರು. ಮೆಳೆಯ ಬುಡದ ಮುಳ್ಳು ಸವರುವುದೇ ತಪ್ಪು, ಸವರಿದರೆ ಕಳಲೆ ಪ್ರಾಣಿಗಳ ಬಾಯಿಗೆ ಬೀಳುತ್ತದೆ ಎಂದರು ಅವರು. ಬಿದಿರು ಚೆನ್ನಾಗಿ ಬೆಳೆಯಲೆಂದೇ ಮುಳ್ಳು ಸವರಿಸಲಾಗುತ್ತಿತ್ತು! ಪರೀಕ್ಷಿಸಿದಾಗ ಹಳ್ಳಿಗರ ಮಾತೇ ನಿಜವಾಯಿತು.

ಅದೇ ಜಿಲ್ಲೆಯ ಕಾರವಾರ, ಅಂಕೋಲೆ ಕರಾವಳಿಯಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟು ಎದ್ದವು. 2005ರಲ್ಲಿ ನೆಲೆ ಕಾರ್ಯಾರಂಭಿಸಿದ ಮೇಲೂ ಪರಿಹಾರದ ವ್ಯಾಜ್ಯ ಮುಗಿದಿರಲಿಲ್ಲ. ದೇಶರಕ್ಷಣೆ ಬೇಡವೆನ್ನುವವರು ನಾವಲ್ಲ. ಆದರೆ ಬಿದಿರಿನ ಮೆಳೆಯ ಮುಂದೆ ನಿಂತು ಕೇಳಿದಂತೆ, ಇಲ್ಲಿಯ ಮೀನುಗಾರನನ್ನೂ ಹಾಲಕ್ಕಿ ಒಕ್ಕಲಿಗನನ್ನೂ ಮೊದಲೇ ಕೂಡಿಸಿಕೊಂಡು ಕೇಳಬೇಕಿತ್ತು. ನಿವೇಶನ ಕೊಡಬಹುದು, ಹಣ ಕೊಡಬಹುದು. ಮೀನುಗಾರ ದೋಣಿಯನ್ನು ಎಲ್ಲಿ ಎಳೆದಿಡಬೇಕು?