ಕಡಕೋಳ ಎಷ್ಟು ದೂರ?

ದೂರ ಸಮೀಪಗಳನ್ನು ಕುರಿತು ನಮ್ಮ ಹಿರಿಯರು ಕಟ್ಟಿದ ಗಾದೆಗಳಲ್ಲಿ ಎರಡು ಎಲ್ಲರ ಬಾಯಲ್ಲೂ ಇವೆ. ದೂರದ ಬೆಟ್ಟ ನುಣ್ಣಗೆ ಎಂಬುದು ಒಂದು. ಹಿತ್ತಲ ಗಿಡ ಮದ್ದಲ್ಲ ಎಂಬುದು ಇನ್ನೊಂದು. ದೂರದ್ದರ ಕಲ್ಲುಮುಳ್ಳು ನಮಗೆ ಕಾಣುವುದಿಲ್ಲ, ಹತ್ತಿರದ್ದರ ಗುಣ ಕಾಣುವುದಿಲ್ಲ. ಎರಡು ಗಾದೆಗಳೂ ನೋಡುವವನ ಕಣ್ಣಿನ ಮಾತನ್ನು ಹೇಳುತ್ತವೆ. ಬೆಟ್ಟಕ್ಕೆ ತಾನು ದೂರದಲ್ಲಿದ್ದೇನೆಂಬ ಅರಿವುಂಟೆ, ಅಷ್ಟು ದೂರವಿದ್ದದ್ದರಿಂದ ಅದಕ್ಕೆ ಲಾಭವಾಯಿತೆ ನಷ್ಟವಾಯಿತೆ ಎಂದು ಯಾರೂ ಕೇಳಿದಂತಿಲ್ಲ. ಯಡ್ರಾಮಿಯ ಸೀಮೆಗೆ ಹೋಗಿ ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯಡ್ರಾಮಿ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಕ್ಷಿಣಕ್ಕೆ, ಸಿಂದಗಿಯ ಸೀಮೆಗೆ ಹೊಂದಿಕೊಂಡಿರುವ ಊರು. ಬಹುಕಾಲ ಜೇವರ್ಗಿ ತಾಲ್ಲೂಕಿನಲ್ಲಿದ್ದು, 2018ರಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಸುತ್ತ ಎರೆಭೂಮಿ, ಜೋಳ, ತೊಗರಿ, ಹತ್ತಿ. ನಾನು ಅಲ್ಲಿಗೆ ಹೊರಟೆನೆಂದಾಗ ಬೆಂಗಳೂರಿನ ಸ್ನೇಹಿತರೊಬ್ಬರು, "ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ?" ಎಂದರು. ಎಲ್ಲಿಂದ ದೂರ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾಜಧಾನಿಯಲ್ಲಿರುವವರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ.

ಹೊಳೆಯಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ, ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದಾಗ ಕನ್ನಡ ನಾಡಿನ ನಡುಮನೆ ಇದ್ದದ್ದು ಅಲ್ಲಿ. ಅಲ್ಲಿಂದ ನೋಡಿದವರಿಗೆ ಕಾವೇರಿ ಒಂದು ಎಲ್ಲೆ, ಗೋದಾವರಿ ಇನ್ನೊಂದು ಎಲ್ಲೆ. ಬೆಂಗಳೂರಿನ ಸೀಮೆಯೇ ಆಗ ದೂರದ ಸೀಮೆ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸುಲಿದು ಹೋದ. ಮುಂದೆ ರಾಜಧಾನಿ ಕಲ್ಯಾಣಕ್ಕೆ ಸರಿಯಿತು, ಅಲ್ಲಿಂದ ಮತ್ತೆಲ್ಲಿಗೋ. ನೆಲ ಇದ್ದಲ್ಲೇ ಇತ್ತು, ನದಿ ಇದ್ದಲ್ಲೇ ಹರಿಯಿತು. ಸಿಂಹಾಸನ ಎದ್ದುಹೋದದ್ದರಿಂದ ಆ ನೆಲ 'ದೂರ'ವಾಯಿತು. ಆದ್ದರಿಂದ ದೂರವೆಂಬುದನ್ನು ಭೂಗೋಳದ ಮಾತೆನ್ನುವುದಕ್ಕಿಂತ ಚರಿತ್ರೆಯ ಮಾತೆನ್ನುವುದು ಹೆಚ್ಚು ಸರಿ.

ಹೀಗೆ ದೂರವಾದ ನೆಲದಲ್ಲಿ ಏನು ಬೆಳೆಯಿತು? ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಎರಡು ಹಳ್ಳಿಗಳನ್ನು ನೋಡಿದರೆ ಸಾಕು. ಒಂದು ಅರಳಗುಂಡಗಿ, ಇನ್ನೊಂದು ಕಡಕೋಳ.

ಅರಳಗುಂಡಗಿ ಶರಣಬಸವೇಶ್ವರರ ಹುಟ್ಟೂರು. ಒಕ್ಕಲು ಮಾಡಿಕೊಂಡಿದ್ದ ಗೃಹಸ್ಥರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರೆಂದೂ, ಕುಡಿಯಲು ನೀರನ್ನೂ ಇಟ್ಟರೆಂದೂ ಜನ ಇಂದಿಗೂ ಹೇಳುತ್ತಾರೆ. ಅವರು ತಮ್ಮ ಊರಿನಲ್ಲಿ ನಿಲ್ಲಲಿಲ್ಲ. ಕಲಬುರಗಿಗೆ ಹೋಗಿ ನೆಲೆಸಿ, ದಾಸೋಹ ನಡೆಸಿ, 1822ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಅವರ ಕೆಲಸದ ಸ್ವರೂಪವೇ ಅಂಥದು. ಅನ್ನದಾಸೋಹಕ್ಕೆ ಹಸಿದವರು ನಾನಾ ಕಡೆಯಿಂದ ಬಂದು ಸೇರುವ ಸ್ಥಳ ಬೇಕು. ಪೇಟೆ ಬೇಕು, ದಾರಿಗಳು ಕೂಡುವ ಜಾಗ ಬೇಕು. ಅರಳಗುಂಡಗಿಯಲ್ಲಿ ಉಳಿದಿದ್ದರೆ ಅವರು ಊರಿನ ಒಬ್ಬ ಧರ್ಮಾತ್ಮರಾಗಿರುತ್ತಿದ್ದರು. ದೂರ ಹೋದದ್ದರಿಂದ ಒಂದು ನಗರಕ್ಕೇ ದೇವರಾದರು.

ಕಡಕೋಳದ ಮಡಿವಾಳಪ್ಪನವರ ಕಥೆ ಬೇರೆ. ಅವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆ ನಿಂತದ್ದು ಕಡಕೋಳದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅವರ ಕಾಲ. 'ಮಹಾಂತ' ಎಂಬ ಹೆಸರನ್ನು ಅಂಕಿತದಲ್ಲಿ ಇಟ್ಟು ತತ್ವಪದಗಳನ್ನು ಹಾಡಿದರು. ಕುಲದ ಹೆಮ್ಮೆಯನ್ನೂ ಸೋಗಿನ ಗುರುಗಳನ್ನೂ ಅವರು ಬಯ್ಯುವ ಖಾರ ಇಂದು ಓದಿದರೂ ನಾಲಗೆಗೆ ತಗಲುತ್ತದೆ. ಇಂಥ ಪದಗಳಿಗೆ ಪೇಟೆಯ ಹಂಗಿಲ್ಲ. ಒಂದು ಏಕತಾರಿ, ಒಂದು ಜೊತೆ ತಾಳ, ದಮ್ಮಡಿ, ಕೂತು ಕೇಳುವ ಹತ್ತು ಜನ, ಒಂದು ರಾತ್ರಿ; ಇಷ್ಟಾದರೆ ಆಯಿತು. ಆದರೆ ಆ ಹತ್ತು ಜನ ಹತ್ತಿರದಲ್ಲಿರಬೇಕು.

ಅವರ ಶಿಷ್ಯರ ಹೆಸರುಗಳನ್ನು ಗಮನಿಸಿ: ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಒಬ್ಬೊಬ್ಬರ ಹೆಸರಿನ ಹಿಂದೆಯೂ ಒಂದೊಂದು ಹಳ್ಳಿ. ಬಿರುದಿಲ್ಲ, ಆಸ್ಥಾನದ ಹೆಸರಿಲ್ಲ. ಜೇವರ್ಗಿ, ಸಿಂದಗಿಗಳ ನೆರೆಹೊರೆಯ ಹಳ್ಳಿಗಳಿವು. 'ಚೆನ್ನೂರ' ಎಂದರೆ ಸಾಕು, ಕೇಳುವವನಿಗೆ ದಾರಿ ಗೊತ್ತು, ಅಲ್ಲಿಯ ಬಾವಿ ಗೊತ್ತು, ಒಂದಿಬ್ಬರು ನೆಂಟರೂ ಇದ್ದಾರು. ಒಬ್ಬ ಮುಸಲ್ಮಾನ ಒಂದು ಮಠದ ಪರಂಪರೆಯಲ್ಲಿ ಪದ ಕಟ್ಟುವುದು ಇಂದು ನಮಗೆ ಭಾಷಣದ ವಿಷಯವಾಗಿದೆ. ಒಂದೇ ಸಂತೆಗೆ ಹೋಗಿ ಒಂದೇ ಮಳೆಗೆ ಕಾಯುವ ಜನಕ್ಕೆ ಅದು ಅಷ್ಟು ದೊಡ್ಡ ಆಶ್ಚರ್ಯವಾಗಿ ಕಂಡಿರಲಾರದು. ಧಾರವಾಡದ ಕಡೆ ಶಿಶುನಾಳದ ಷರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾದದ್ದೂ ಹೀಗೆಯೇ. ಗುರುವನ್ನು ಹುಡುಕಿಕೊಂಡು ಕಾಶಿಗೆ ಹೋಗಬೇಕಾಗಲಿಲ್ಲ. ಗುರು ನೆರೆಯ ಊರಿನಲ್ಲಿಯೇ ಸಿಕ್ಕಿದ.

ಸಾಮೀಪ್ಯ ಇದ್ದ ಮಾತ್ರಕ್ಕೆ ಇಷ್ಟೆಲ್ಲ ಆಯಿತೆ? ನನಗೆ ಹಾಗೆನಿಸುವುದಿಲ್ಲ. ನೆರೆಯವರು ಹತ್ತಿರವಿದ್ದರು, ದೊರೆಗಳು ದೂರವಿದ್ದರು. ಎರಡೂ ಕೂಡಿಬಂದದ್ದು ಆ ಸೀಮೆಯ ಅದೃಷ್ಟ. ಕಡಕೋಳ ನಿಜಾಮರ ರಾಜ್ಯದ ಅಂಚಿನಲ್ಲಿತ್ತು. ಹೈದರಾಬಾದು ಎಷ್ಟೋ ದಿನದ ಪಯಣ. ಸಾತಾರೆಯ ರಾಜ್ಯ 1848ರಲ್ಲಿ ಇಂಗ್ಲಿಷರ ವಶವಾದ ಮೇಲೆ ವಿಜಾಪುರ, ಸಿಂದಗಿಗಳ ಕಡೆ ಕಂಪನಿ ಸರಕಾರ ಬಂದಿತು. ಅಂದಿನಿಂದ ಈ ಹಳ್ಳಿಗಳ ನಡುವೆಯೇ ಎರಡು ರಾಜ್ಯಗಳ ಗಡಿ. ಅತ್ತ ಮುಂಬಯಿಯ ಕಾಯಿದೆ, ಇತ್ತ ಹೈದರಾಬಾದಿನದು. ಅತ್ತ ಕಲ್ದಾರ್ ರೂಪಾಯಿ, ಇತ್ತ ಹಾಲಿ ಸಿಕ್ಕಾ. ನಾಣ್ಯ ಗಡಿಯಲ್ಲಿ ನಿಂತು ಬದಲಾಗಬೇಕಾಗಿತ್ತು. ಪದಕ್ಕೆ ಆ ತೊಡಕಿರಲಿಲ್ಲ. ಮೆಚ್ಚಿಸಬೇಕಾದ ಅರಮನೆ ಹತ್ತಿರವಿಲ್ಲದ್ದರಿಂದ ಹೊಗಳಿಕೆಯ ಕಾವ್ಯ ಹುಟ್ಟಲಿಲ್ಲ; ಹೆದರಬೇಕಾದ ಅರಮನೆಯೂ ಹತ್ತಿರವಿಲ್ಲದ್ದರಿಂದ ಬಯ್ಗುಳದ ಪದಕ್ಕೆ ಬಾಯಿ ಬಂದಿತು.

ಇದಕ್ಕೆ ಪೂರಕವಾದ ಇನ್ನೊಂದು ಉದಾಹರಣೆ ಜೇವರ್ಗಿಯಲ್ಲೇ ಇದೆ. ಮಡಿವಾಳಪ್ಪನವರಿಗಿಂತ ಸುಮಾರು ಒಂದು ಶತಮಾನ ಮೊದಲು ಅಲ್ಲಿದ್ದ ಷಣ್ಮುಖಸ್ವಾಮಿಗಳು 'ಅಖಂಡೇಶ್ವರ' ಎಂಬ ಅಂಕಿತದಲ್ಲಿ ವಚನಗಳನ್ನು ಬರೆದರು. ಬಸವಣ್ಣನವರ ಕಲ್ಯಾಣಕ್ಕೂ ಅವರಿಗೂ ನಡುವೆ ಐದು ಶತಮಾನ. 1686ರಲ್ಲಿ ವಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿ, ದಖ್ಖನ್ ಎಲ್ಲ ದಂಡಿನ ಬೀದಿಯಾಗಿದ್ದ ಕಾಲವದು. ಅವರ ಮುಂದೆ ಅನುಭವಮಂಟಪವಿರಲಿಲ್ಲ. ಓಲೆಗರಿಯಲ್ಲಿ ಉಳಿದುಬಂದ ಮಾತುಗಳಿದ್ದವು. ಬಳಕೆ ತಪ್ಪುತ್ತಿದ್ದ ರೂಪವನ್ನು ಐದು ಶತಮಾನದ ಆಚೆಯಿಂದ ಎತ್ತಿಕೊಂಡು ಮತ್ತೆ ಮಾತನಾಡಿಸಿದರು. ಕಾಲದ ದೂರವೂ ಒಮ್ಮೊಮ್ಮೆ ಹೀಗೆ ಕೆಲಸಕ್ಕೆ ಬರುತ್ತದೆ. ಓಲೆಗರಿ ದೂರದವನಿಗಾಗಿ ಇರುವ ಸಾಧನ. ಬರೆದವನು ಸತ್ತ ಮೇಲೂ ಅದು ಯಾರನ್ನೋ ಕಾಯುತ್ತದೆ. ಏಕತಾರಿ ಪಕ್ಕದವನಿಗಾಗಿ ಇರುವ ಸಾಧನ, ಅದು ಕಾಯಲಾರದು.

ಈ ವ್ಯತ್ಯಾಸದ ಫಲ ಮುಂದೆ ಕಂಡಿತು. ಗಡಿಯಾಚೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ವಚನಗಳು ಇಡೀ ನಾಡಿನ ಸೊತ್ತಾದವು. ಹಾಡುವವರ ಕೊರಳಲ್ಲಿದ್ದ ಪದಗಳು ಬಹುಮಟ್ಟಿಗೆ ಅಲ್ಲಿಯೇ ಉಳಿದವು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ಕರ್ನಾಟಕದ ತತ್ವಪದಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸುವ ದೊಡ್ಡ ಕೆಲಸ ಮಾಡುವ ಹೊತ್ತಿಗೆ ಇಪ್ಪತ್ತೊಂದನೆಯ ಶತಮಾನ ಬಂದಿತ್ತು.

ದೂರವನ್ನು ಹೊಗಳುತ್ತ ಕೂರುವ ಅಪಾಯವೂ ಒಂದಿದೆ. ನಗರದಲ್ಲಿ ಕುಳಿತು ಹಳ್ಳಿಯ ಏಕಾಂತವನ್ನು ಮೆಚ್ಚಿಕೊಳ್ಳುವುದು ನುಣ್ಣನೆಯ ಬೆಟ್ಟವನ್ನು ಮೆಚ್ಚಿದ ಹಾಗೆಯೇ. 1871ರಲ್ಲಿ ರೈಲು ಸೊಲ್ಲಾಪುರದ ಕಡೆಯಿಂದ ಕಲಬುರಗಿ, ವಾಡಿಗಳ ಮೇಲೆ ಹಾಯ್ದು ರಾಯಚೂರನ್ನು ಮುಟ್ಟಿ ಮುಂಬಯಿ ಮದರಾಸುಗಳನ್ನು ಕೂಡಿಸಿತು. ಯಡ್ರಾಮಿಯ ರೈತನಿಗೂ ಆ ಹಳಿಗೂ ನಡುವೆ ಭೀಮೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಲಬುರಗಿಯೂ ಮದರಾಸಿನಷ್ಟೇ ದೂರ. ಕಚೇರಿಯ ಭಾಷೆ ಮೊದಲು ಫಾರಸಿ, ಆಮೇಲೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲೂ ಬೋಧನೆ ಉರ್ದುವಿನಲ್ಲಿ. ಮನೆಯ ಮಾತಿಗೂ ಅರ್ಜಿಯ ಮಾತಿಗೂ ನಡುವಿನ ಈ ಅಂತರವನ್ನು ಯಾವ ಮೈಲುಗಲ್ಲೂ ತೋರಿಸುತ್ತಿರಲಿಲ್ಲ. ಹೈದರಾಬಾದು ಸಂಸ್ಥಾನ 1948ರಲ್ಲಿ ಭಾರತದಲ್ಲಿ ಸೇರಿತು. ಮರುವರ್ಷವೇ ಕಲಬುರಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. 1956ರಲ್ಲಿ ನಾಡು ಒಂದಾಯಿತು. ಹಾಗಿದ್ದೂ, 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಹೆಸರಿಸಿದಾಗ ಜೇವರ್ಗಿ ಅದರಲ್ಲಿತ್ತು. ದೊರೆ ದೂರವಿದ್ದರೆ ಹಾಡಿಗೆ ಒಳ್ಳೆಯದು. ಶಾಲೆ, ಆಸ್ಪತ್ರೆ ದೂರವಿದ್ದರೆ ಯಾರಿಗೂ ಒಳ್ಳೆಯದಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದೆ ಹೋದರೆ ಆ ಸೀಮೆಗೆ ಅನ್ಯಾಯ ಮಾಡಿದಂತೆ.

ನಾನು ಅಲ್ಲಿಗೆ ಹೋದದ್ದು ಅಚ್ಚಾದ ಪದಗಳನ್ನು ಓದಿಕೊಂಡು. ಒಂದು ಪದದಲ್ಲಿ ಕೂರಿಗೆಯ ಮಾತು ಬಂದಿತ್ತು; ಬಿತ್ತುವ ಸಾಧನ ಎಂದು ಅರ್ಥಕೋಶ ನೋಡಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೆ. ಅಮಾವಾಸ್ಯೆಯ ರಾತ್ರಿ ಒಂದು ಹಳ್ಳಿಯ ಗುಡಿಯಲ್ಲಿ ಭಜನೆಗೆ ಕೂತಾಗ, ಹಾಡುವ ಮುದುಕರನ್ನು ಊರವರಂತೆ ನಾನೂ ಮುತ್ಯಾ ಎಂದೇ ಕರೆದು, ಆ ಪದದ ಅರ್ಥ ಕೇಳಿದೆ. ಅವರು ತಾಳವನ್ನು ಕೆಳಗಿಟ್ಟು, ಎರಡು ಬೆರಳನ್ನು ಉಸಿರಾಡುವ ಮೂಗಿನ ಹೊರಳೆಗಳ ಮುಂದೆ ಹಿಡಿದು, ಮೇಲಿನಿಂದ ಕೆಳಕ್ಕೆ ಇಳಿಸಿ ತೋರಿಸಿದರು. ಬೀಜ ಕೊಳವೆಯಲ್ಲಿ ಇಳಿಯುವಂತೆ ಉಸಿರು ಇಳಿಯಬೇಕು ಎಂಬುದು ಆ ಬೆರಳುಗಳ ಅರ್ಥ. ನನ್ನ ಪುಸ್ತಕದ ಅಂಚಿನಲ್ಲಿ ಅದಿರಲಿಲ್ಲ. "ಬರಕೊಂಡ್ರ ಬರಂಗಿಲ್ಲ ತಮ್ಮಾ, ಮಗ್ಗಲದಾಗ ಕುಂತು ಹಾಡಬೇಕು" ಎಂದರು.

ಮಗ್ಗುಲಲ್ಲಿ ಕೂರುವವರು ಆ ರಾತ್ರಿ ಐದೇ ಜನ. ಹಿಂದೆ ಸುತ್ತಲ ಊರುಗಳ ಮೇಳಗಳು ಸರದಿಯ ಮೇಲೆ ಬಂದು ಬೆಳಗಿನವರೆಗೆ ಸವಾಲು ಜವಾಬು ಹಾಡುತ್ತಿದ್ದುವಂತೆ. ಈಗ ಭೀಮೆಗೆ ಸೇತುವೆಯಿದೆ, ಬಸ್ಸಿದೆ, ಕಲಬುರಗಿ ಕೆಲವೇ ಗಂಟೆಗಳ ದಾರಿ. ಬಂದ ಆ ದಾರಿಯಲ್ಲೇ ಹರೆಯದವರು ಕಟ್ಟಡದ ಕೆಲಸಕ್ಕೆಂದು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋಗಿದ್ದಾರೆ. ದೂರದ ಊರು ಹತ್ತಿರವಾಯಿತು, ನೆರೆಯ ಊರು ದೂರವಾಯಿತು. ಅವರು ಹೋದದ್ದು ತಪ್ಪೆನ್ನಲು ನನಗೆ ಬಾಯಿಲ್ಲ. ನಾನೂ ಅನ್ನಕ್ಕಾಗಿ ಊರು ಬಿಟ್ಟವನೇ.

ಮುತ್ಯಾನ ಮೊಮ್ಮಗನೊಬ್ಬ ಪುಣೆಯಲ್ಲಿದ್ದಾನೆ, ಒಳ್ಳೆಯ ಕಂಠವಂತೆ. ಮಧ್ಯರಾತ್ರಿಯ ಹೊತ್ತಿಗೆ ಒಬ್ಬ ಹುಡುಗ ಮೊಬೈಲಿನಲ್ಲಿ ಅವನನ್ನು ಕರೆದು, ಅವನ ಮುಖ ಎಲ್ಲರಿಗೂ ಕಾಣುವಂತೆ ಕಂಬಕ್ಕೆ ಒರಗಿಸಿ ಇಟ್ಟ. ಎಲ್ಲರಿಗೂ ಸಂತೋಷವಾಯಿತು. ಮುತ್ಯಾ ಪದ ಎತ್ತಿದರು. ಪುಣೆಯಿಂದ ಪಲ್ಲವಿ ಬಂದಿತು. ದನಿ ಸ್ವಚ್ಛವಾಗಿತ್ತು, ಶ್ರುತಿಯೂ ಸರಿಯಾಗಿತ್ತು. ಆದರೆ ತಾಳದ ಪೆಟ್ಟು ಬಿದ್ದು ಒಂದು ಕ್ಷಣ ಕಳೆದ ಮೇಲೆ ಬರುತ್ತಿತ್ತು. ಮುತ್ಯಾ ನಿಧಾನ ಮಾಡಿ ನೋಡಿದರು, ಅವನಿಗಾಗಿ ಕಾದು ನೋಡಿದರು. ಕಾದಷ್ಟೂ ಆ ಕ್ಷಣ ಹಾಗೆಯೇ ಉಳಿಯಿತು. ಕೊನೆಗೆ ತಾಳವನ್ನು ಮಡಿಲಲ್ಲಿಟ್ಟುಕೊಂಡು, "ನೀ ಹಾಡಪ್ಪಾ, ನಾವು ಕೇಳತೀವಿ" ಎಂದರು. ಅವನು ಒಬ್ಬನೇ ಹಾಡಿದ. ನಾವು ಆರು ಜನ ಸುಮ್ಮನೆ ಕೂತು ಕೇಳಿದೆವು.