ಬಲವೋ ಬಾಲವೋ

ಬೆಳಿಗ್ಗೆ ಆರೂವರೆಗೆ ಬಲ್ಮಠದ ಗುಡ್ಡದಿಂದ ಬಸ್ಸು ಹೊರಟಿತು. ಒಳಗೆ ಇಪ್ಪತ್ತೆರಡು ಹುಡುಗ ಹುಡುಗಿಯರು, ಒಂದು ಕೀಬೋರ್ಡು, ಎರಡು ಗಿಟಾರು, ಇಸ್ತ್ರಿ ಕೆಡದಂತೆ ತೂಗುಹಾಕಿದ ಬಿಳಿ ಅಂಗಿಗಳು, ಮತ್ತು ನಾನು. ಮಂಗಳೂರಿನ ಒಂದು ಪ್ರಾಟೆಸ್ಟಂಟ್ ಸಭೆಯ ಯುವಜನ ಕ್ವಾಯರ್ ಅದು. ಬೆಳಿಗ್ಗೆ ಮೂಲ್ಕಿಯಲ್ಲಿ ಹಾಡು, ಮಧ್ಯಾಹ್ನ ಉಡುಪಿಯ ಹತ್ತಿರದ ಹಳೆಯ ದೇವಾಲಯವೊಂದರಲ್ಲಿ ಕಾರ್ಯಕ್ರಮ, ರಾತ್ರಿಗೆ ವಾಪಸು. ನಾನು ಹಾಡುವವಳಲ್ಲ, ಕ್ರೈಸ್ತಳೂ ಅಲ್ಲ, ಚಿತ್ರದುರ್ಗದ ಕಡೆಯವಳು. ಹತ್ತೊಂಬತ್ತನೆಯ ಶತಮಾನದ ಮಿಷನ್ ಮುದ್ರಣ ಮತ್ತು ಕನ್ನಡ ಛಂದಸ್ಸು ನನ್ನ ಪಿಎಚ್‌ಡಿ ವಿಷಯ. ನಾಲ್ಕು ವರ್ಷ ಗ್ರಂಥಾಲಯದಲ್ಲಿ ಕೂತು ಸ್ತೋತ್ರಗೀತೆಗಳನ್ನು ಓದಿದ ಮೇಲೆ, ಅವನ್ನು ಯಾರಾದರೂ ಹಾಡುವುದನ್ನು ಕೇಳಬೇಕಲ್ಲವೇ ಎಂಬ ಬುದ್ಧಿ ತಡವಾಗಿ ಬಂತು.

ಸುರತ್ಕಲ್ ದಾಟುವಾಗ ತಾಲೀಮು ಶುರುವಾಯಿತು. ಹಳೆಯ ಜರ್ಮನ್ ಧಾಟಿಯ ಒಂದು ಹಾಡು. ದೇವರೇ ನಮಗೆ ಬಲ ಎಂಬುದು ಅದರ ಅರ್ಥ. ಆದರೆ ‘ಬ’ ಬೀಳುವುದು ಎರಡು ಎಣಿಕೆಯ ಉದ್ದದ ಸ್ವರದ ಮೇಲೆ. ಹಾಗಾಗಿ ಇಪ್ಪತ್ತೆರಡು ಮಂದಿ ಭಕ್ತಿಯಿಂದ ಹಾಡಿದ್ದು ‘ಬಾಲ’ ಎಂದು. ಹಿಂದಿನ ಸೀಟಿನಲ್ಲಿ ಯಾರೋ ಕೈಯಿಂದ ಬಾಲ ಆಡಿಸಿ ತೋರಿಸಿದರು. ಇಡೀ ಬಸ್ಸು ನಕ್ಕಿತು. ಕ್ವಾಯರ್ ನಡೆಸುವ ಅಣ್ಣ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಸಮಾಧಾನದ ಮನುಷ್ಯ. “ನಗಬೇಡಿ ಮಾರಾಯ್ರೆ, ನನ್ನ ಅಪ್ಪನ ಕಾಲದಿಂದಲೂ ಅದು ಬಾಲವೇ,” ಎಂದರು.

ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಇದರ ಮೇಲೆಯೇ ನಿಂತಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಕರಾವಳಿಗೆ ಬಂದಾಗ ಬೈಬಲಿನ ಜೊತೆಗೆ ಹಾಡುಗಳನ್ನೂ ತಂದರು. ಧಾಟಿ ಮೊದಲೇ ಸಿದ್ಧ. ಅದರೊಳಗೆ ಕನ್ನಡವನ್ನು ಕೂರಿಸಬೇಕು. ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ: ಯಾವ ಅಕ್ಷರ ಗಟ್ಟಿ, ಯಾವುದು ಮೆಲು ಎಂಬುದೇ ಅಲ್ಲಿ ಮುಖ್ಯ. ಪಾಶ್ಚಾತ್ಯ ಸ್ತೋತ್ರಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ 8.7.8.7 ಎಂಬಂಥ ಅಂಕಿಗಳಿರುತ್ತವೆ. ಸಾಲಿಗೆ ಎಷ್ಟು ಅಕ್ಷರ ಎಂಬ ಲೆಕ್ಕ ಅದು. ಕನ್ನಡದ ಲೆಕ್ಕವೇ ಬೇರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರ ಎಣಿಸಿ ಮಾತ್ರೆ ಮರೆತರೆ ‘ಮನ’ ‘ಮಾನ’ವಾಗುತ್ತದೆ, ‘ಬಲ’ಕ್ಕೆ ಬಾಲ ಬರುತ್ತದೆ.

ಇದು ಮಿಷನ್ನಿನವರಿಗೆ ಗೊತ್ತಿರಲಿಲ್ಲವೆಂದಲ್ಲ. ಮೊಗ್ಲಿಂಗ್ 1850ರಲ್ಲಿ ಮಂಗಳೂರಿನ ಅದೇ ಮಿಷನ್ ಪ್ರೆಸ್ಸಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ಕಿಟ್ಟೆಲ್ ಅಂತೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೇ ಸಂಪಾದಿಸಿದವರು. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದಿದ್ದರು. ಅವರ ನಿಘಂಟನ್ನು ಕೊಂಡಾಡುವ ನಾವು ಈ ಪುಸ್ತಕವನ್ನು ಮರೆತದ್ದು ನನಗೆ ಬೇಸರ. ಅಂತೂ ನಾನು ಬರೆದದ್ದು ಇಷ್ಟು: ದಾರಿ ತೋರಿಸಿದವರಿದ್ದರೂ ದೇವಾಲಯದ ಒಳಗೆ ಕನ್ನಡದ ಕಿವಿ ಜರ್ಮನ್ ಧಾಟಿಗೆ ಸೋತಿತು. ಮಾರ್ಗದರ್ಶಕರಿಗೂ ಈ ವಾಕ್ಯ ಹಿಡಿಸಿತ್ತು.

ಮೂಲ್ಕಿಯಲ್ಲಿ ಸಜ್ಜಿಗೆ ಬಜಿಲ್, ಚಹಾ, ಐದು ಹಾಡು. ಎಲ್ಲವೂ ಅಚ್ಚುಕಟ್ಟು. ಬಾಲ ಬಾಲವಾಗಿಯೇ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಬಸ್ಸು ಶಾಂಭವಿ ಹೊಳೆ ದಾಟಿತು.

ಉಡುಪಿಯ ಕಡೆಯ ದೇವಾಲಯ ಚಿಕ್ಕದು, ಮಂಗಳೂರು ಹೆಂಚಿನ ಮಾಡು. ಬೆಂಚುಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮೂರನೆಯ ಹಾಡಿಗೆ ಅದೇ ಧಾಟಿ ಬಂತು. ಸಭೆಯೂ ಎದ್ದು ದನಿಗೂಡಿಸಿತು. ಎರಡನೆಯ ಚರಣದ ನಡುವೆ ಕರೆಂಟು ಹೋಯಿತು. ಕೀಬೋರ್ಡು ನಿಂತಿತು, ಫ್ಯಾನು ನಿಂತಿತು. ಕ್ವಾಯರ್ ತಡವರಿಸಿತು. ಸಭೆ ನಿಲ್ಲಲಿಲ್ಲ. ಆದರೆ ಗತಿ ಇಳಿಯಿತು, ಅರ್ಧಕ್ಕರ್ಧ ನಿಧಾನವಾಯಿತು. ಆಗ ನನಗೆ ಕೇಳಿಸಿತು. ಅವರು ‘ಬ’ವನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡುತ್ತಿದ್ದರು, ಆ ಉದ್ದದ ಸ್ವರದ ಭಾರವನ್ನೆಲ್ಲ ‘ಲ’ದ ಮೇಲೆ ಹೊರಿಸಿ, ಅದನ್ನೇ ಒಂದಿಷ್ಟು ಬಳುಕಿಸಿ ಎಳೆಯುತ್ತಿದ್ದರು. ಬಲ ಬಲವಾಗಿಯೇ ಉಳಿಯಿತು. ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸಬಹುದು ಎಂಬುದು ಛಂದಸ್ಸಿನ ಹಳೆಯ ನಿಯಮ. ಅದನ್ನು ಇಲ್ಲಿ ಯಾರೂ ಪುಸ್ತಕದಲ್ಲಿ ಓದಿದವರಲ್ಲ. “ಇವರು ತಾಳ ತಪ್ಪಿಸ್ತಾರೆ,” ಎಂದು ಪಕ್ಕದ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ನನ್ನ ಅಧ್ಯಾಯದಲ್ಲಿ ನಾನೂ ಸರಿಸುಮಾರು ಅದನ್ನೇ ಹೇಳಿದ್ದೆ.

ಊಟದ ನಂತರ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ ಅಜ್ಜಿಯನ್ನು ಹುಡುಕಿ ಹೋದೆ. “ಬಲೆ, ಕುಳ್ಳುಲೆ,” ಎಂದು ತುಳುವಿನಲ್ಲಿ ಕರೆದು ಕೂರಿಸಿಕೊಂಡು, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದರು. ಅವರ ತಂದೆ ಹೆಂಚಿನ ಕಾರ್ಖಾನೆಯಲ್ಲಿದ್ದರಂತೆ. ಮತ ಬದಲಿಸಿ ಮನೆ, ಗೇಣಿ, ನೆಂಟಸ್ತಿಕೆ ಕಳೆದುಕೊಂಡವರಿಗೆ ಕೆಲಸ ಬೇಕಾಗಿತ್ತು. ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮದ ಹಿಂದೆ ಈ ಕಾರಣವೂ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹೊರಗೆ ಹಾಕಿದರು, ಕಾರ್ಖಾನೆಗಳು ಕೈ ಬದಲಾದವು. ಹಾಡು ಇಲ್ಲಿಯೇ ಉಳಿಯಿತು. ಅಜ್ಜಿಯ ತಾಯಿಗೆ ಓದು ಬರುತ್ತಿರಲಿಲ್ಲ. ಬೀಡಿ ಕಟ್ಟುತ್ತ ಹಾಡುತ್ತಿದ್ದರು. ಮಗಳು ಕಲಿತದ್ದು ಹಾಗೆ, ಕಿವಿಯಿಂದ.

ನಾಲ್ಕು ವರ್ಷ ನಾನು ನೋಡಿದ್ದು ಅಚ್ಚಾದ ಹಾಳೆಗಳನ್ನು ಮಾತ್ರ. ಸೋತದ್ದು ಹಾಳೆಯ ಮೇಲಿನ ಕನ್ನಡ. ಓದು ಬಾರದ ಹೆಂಗಸರು ಅದನ್ನು ಮನೆಯೊಳಗೆ ಸದ್ದಿಲ್ಲದೆ ರಿಪೇರಿ ಮಾಡಿದ್ದರು, ಮತ್ತು ಅದನ್ನು ದಾಖಲಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

“ಅಜ್ಜಿ, ಆ ಹಾಡು ಇನ್ನೊಂದು ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೊಳ್ತೇನೆ,” ಎಂದು ಮೊಬೈಲು ಮುಂದೆ ಹಿಡಿದೆ. ಅಷ್ಟರಲ್ಲಿ ಕ್ವಾಯರಿನ ಮಕ್ಕಳೂ ಸುತ್ತ ನೆರೆದಿದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡರು. ಚೀಲದಿಂದ ಕನ್ನಡಕ ತೆಗೆದರು, ಹಾಡಿನ ಪುಸ್ತಕ ತೆಗೆದರು, ಪುಟ ಹುಡುಕಿದರು. ಗಂಟಲು ಸರಿಪಡಿಸಿಕೊಂಡು, ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತು, ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ ಕೊಟ್ಟು ಹಾಡಿದರು.

‘ಬಾಲ’ ಎಂದೇ ಹಾಡಿದರು.